ಹಬ್ಬದ ಕುಕೀ ಬಾರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಬ್ಬದ ದಿನಗಳು ಹತ್ತಿರವಾದಂತೆ ಬೇಕಿಂಗ್ ಕುರಿತ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಪತ್ರಗಳು ಒಂದೇ ತಿನಿಸನ್ನು ಕುರಿತು ಕೇಳಿವೆ: ಮೇಲೆ ಫ್ರಾಸ್ಟಿಂಗ್ (ಬೆಣ್ಣೆ ಮತ್ತು ಸಕ್ಕರೆ ಪುಡಿಯನ್ನು ಕಡೆದು ಮಾಡುವ ಮೆತ್ತನೆಯ ಲೇಪ) ಹಚ್ಚಿ ಚೌಕಾಕಾರವಾಗಿ ಕತ್ತರಿಸುವ ಕುಕೀ ಬಾರ್. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹಬ್ಬಕ್ಕೆ ಮನೆ ತುಂಬ ಜನ ಬರುತ್ತಾರೆ. ಬಗೆಬಗೆಯ ಆಕಾರದ ಕುಕೀಗಳನ್ನು ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ, ಒಂದೊಂದಕ್ಕೂ ಅಲಂಕಾರ ಮಾಡುವಷ್ಟು ಬಿಡುವು ನನಗಿಲ್ಲ. ಕುಕೀ ಬಾರ್ ನಿಜವಾಗಿಯೂ ಅದಕ್ಕಿಂತ ಸುಲಭವೇ? ಅಳತೆಯನ್ನೂ ವಿಧಾನವನ್ನೂ ತಿಳಿಸಿ.

ಉತ್ತರ: ಖಂಡಿತ ಸುಲಭ. ಕುಕೀ ತಯಾರಿಕೆಯಲ್ಲಿ ಹೆಚ್ಚು ಸಮಯ ಬೇಡುವ ಕೆಲಸಗಳೆಂದರೆ ಹಿಟ್ಟನ್ನು ತಣ್ಣಗಿಟ್ಟು ಗಟ್ಟಿ ಮಾಡುವುದು, ಸಮನಾಗಿ ಲಟ್ಟಿಸುವುದು, ಅಚ್ಚಿನಿಂದ ತೆಗೆದ ತುಂಡುಗಳನ್ನು ಮುರಿಯದಂತೆ ಎತ್ತಿ ಜೋಡಿಸುವುದು ಮತ್ತು ಮೂರು ನಾಲ್ಕು ಕಂತುಗಳಲ್ಲಿ ಬೇಯಿಸುವುದು. ಬಾರ್‌ನಲ್ಲಿ ಈ ನಾಲ್ಕೂ ಇಲ್ಲ. ಹಿಟ್ಟನ್ನು ಒಂದೇ ತಟ್ಟೆಗೆ ಒತ್ತಿ, ಒಂದೇ ಸಲ ಬೇಯಿಸಿ, ಫ್ರಾಸ್ಟಿಂಗನ್ನೂ ಒಂದೇ ಹರವಾಗಿ ಹಚ್ಚಿದರೆ ಮುಗಿಯಿತು. ಆದರೆ ಹೀಗೆ ಉಳಿದ ಗಮನವನ್ನೆಲ್ಲ ಎರಡು ಕಡೆ ಕೊಡಬೇಕಾಗುತ್ತದೆ: ಮೈದಾ ಹಿಟ್ಟಿನ ತೂಕ ಮತ್ತು ಓವನ್‌ನಿಂದ ಹೊರತೆಗೆಯುವ ಗಳಿಗೆ. ಬಾರ್ ಚೆನ್ನಾಗಿ ಬರುವುದೂ ಕೆಡುವುದೂ ಬಹುತೇಕ ಈ ಎರಡರಿಂದಲೇ.

33 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ತಟ್ಟೆಗೆ ಬೇಕಾದ ಸಾಮಗ್ರಿ ಹೀಗಿದೆ: ಉಪ್ಪಿಲ್ಲದ ಬೆಣ್ಣೆ 225 ಗ್ರಾಂ, ಸಣ್ಣ ಹರಳಿನ ಸಕ್ಕರೆ 225 ಗ್ರಾಂ, ಮೊಟ್ಟೆ 2, ವೆನಿಲ್ಲಾ ಎಸೆನ್ಸ್ 2 ಸಣ್ಣ ಚಮಚ, ಮೈದಾ 320 ಗ್ರಾಂ, ಬೇಕಿಂಗ್ ಪೌಡರ್ 1 ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ. ಫ್ರಾಸ್ಟಿಂಗ್‌ಗೆ ಬೆಣ್ಣೆ 170 ಗ್ರಾಂ, ಐಸಿಂಗ್ ಶುಗರ್ (ನುಣ್ಣನೆಯ ಸಕ್ಕರೆ ಪುಡಿ) 340 ಗ್ರಾಂ, ಹಾಲು ಒಂದರಿಂದ ಎರಡು ದೊಡ್ಡ ಚಮಚ, ವೆನಿಲ್ಲಾ 1 ಸಣ್ಣ ಚಮಚ ಮತ್ತು ಒಂದು ಚಿಟಿಕೆ ಉಪ್ಪು ಬೇಕು.

ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಡಿ. ತಟ್ಟೆಗೆ ಬೇಕಿಂಗ್ ಪೇಪರ್ ಹಾಸುವಾಗ ಎರಡು ಬದಿಗಳಲ್ಲಿ ಅದರ ಅಂಚು ನಾಲ್ಕು ಬೆರಳಷ್ಟು ಹೊರಗೆ ಚಾಚಿರಲಿ. ಬೆಂದು ಆರಿದ ಮೇಲೆ ಇಡೀ ಹರವನ್ನು ಆ ಅಂಚುಗಳಿಂದಲೇ ಮೇಲೆತ್ತಬಹುದು. ಬೆಣ್ಣೆಯು ಬೆರಳಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಬೇಕೇ ಹೊರತು ಹೊಳಪು ಬಂದು ಜಾರುವಂತಿರಬಾರದು. 18ರಿಂದ 20 ಡಿಗ್ರಿ ಇದ್ದಾಗ ಈ ಹದ ಸಿಗುತ್ತದೆ. ಬೆಣ್ಣೆ ಮತ್ತು ಸಕ್ಕರೆಯನ್ನು ಎರಡು ಮೂರು ನಿಮಿಷ, ಬಣ್ಣ ತುಸು ಬಿಳುಪಾಗುವವರೆಗೆ ನಾದಿ. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಮೂಡಿಸುವುದು ಈ ಹಂತದಲ್ಲಿಯೇ, ಮತ್ತು ಬೇಕಿಂಗ್ ಪೌಡರ್ ಮುಂದೆ ಉಬ್ಬಿಸುವುದು ಆ ಗುಳ್ಳೆಗಳನ್ನೇ. ಬಳಿಕ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ವೆನಿಲ್ಲಾ ಹಾಕಿ. ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್ ಮತ್ತು ಉಪ್ಪನ್ನು ಕೊನೆಗೆ ಸೇರಿಸಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಹೆಚ್ಚು ಕಲಸಿದಷ್ಟೂ ಮೈದಾದಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಬಿಗಿದು ಬಾರ್ ಜಿಗುಟಾಗುತ್ತದೆ.

ಹಿಟ್ಟು ಅಂಟಂಟಾಗಿರುತ್ತದೆ, ಅದು ದೋಷವಲ್ಲ. ಅಂಗೈಗೆ ನೀರನ್ನು ತುಸುವೇ ಸವರಿಕೊಂಡು ತಟ್ಟೆಯ ಮೂಲೆಗಳವರೆಗೂ ಸಮನಾಗಿ ಒತ್ತಿರಿ. 20ರಿಂದ 24 ನಿಮಿಷದಲ್ಲಿ ಬೇಯುತ್ತದೆ. ತಟ್ಟೆಯಲ್ಲಿಯೇ ಪೂರ್ತಿಯಾಗಿ ಆರಲು ಬಿಟ್ಟು, ಅನಂತರ ಫ್ರಾಸ್ಟಿಂಗ್ ಹಚ್ಚಿ ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು ಸಾಲಾಗಿ ಕತ್ತರಿಸಿದರೆ 24 ತುಂಡುಗಳಾಗುತ್ತವೆ. ಮನೆಯಲ್ಲಿ 20 ಸೆಂಟಿಮೀಟರಿನ ಚೌಕ ತಟ್ಟೆ ಮಾತ್ರ ಇದ್ದರೆ ಎಲ್ಲ ಅಳತೆಯನ್ನೂ ಅರ್ಧ ಮಾಡಿಕೊಳ್ಳಿ. ಅದರ ವಿಸ್ತೀರ್ಣ ದೊಡ್ಡ ತಟ್ಟೆಯ ಅರ್ಧಕ್ಕಿಂತ ತುಸುವೇ ಹೆಚ್ಚಾದ್ದರಿಂದ ದಪ್ಪ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಬೆಂದಿದೆಯೇ ಎಂದು 18ನೇ ನಿಮಿಷದಿಂದಲೇ ನೋಡಲು ಆರಂಭಿಸಿ.

ಪ್ರಶ್ನೆ: ನಾನು ಮಾಡುವ ಬಾರ್ ಬಿಸಿಯಿರುವಾಗ ಚೆನ್ನಾಗಿದ್ದು, ಮರುದಿನಕ್ಕೆ ಒಣಗಿ ಪುಡಿಪುಡಿಯಾಗುತ್ತದೆ. ಅಂಚಂತೂ ಕಚ್ಚಲಾಗದಷ್ಟು ಗಟ್ಟಿ. ಪುಸ್ತಕದಲ್ಲಿ ಹೇಳಿದ ಅಳತೆಯನ್ನು ಬಟ್ಟಲಿನಿಂದ ಅಳೆದೇ ಹಾಕುತ್ತೇನೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ಬಟ್ಟಲನ್ನು ಮೈದಾ ಡಬ್ಬಿಯೊಳಗೆ ಅದ್ದಿ ತುಂಬಿಕೊಂಡಾಗ ಹಿಟ್ಟು ಒತ್ತಿಕೊಂಡು ಕೂರುತ್ತದೆ. ಚಮಚದಿಂದ ಹಗುರವಾಗಿ ಸುರಿದು ಮೇಲ್ಭಾಗವನ್ನು ಚಾಕುವಿನ ಬೆನ್ನಿನಿಂದ ಸಮ ಮಾಡಿದರೆ ಒಂದು ಬಟ್ಟಲಿಗೆ 120ರಿಂದ 125 ಗ್ರಾಂ ಹಿಡಿಯುವಲ್ಲಿ, ಅದ್ದಿ ತೆಗೆದರೆ ಅದೇ ಬಟ್ಟಲಿಗೆ 150 ಗ್ರಾಂ ತುಂಬಬಹುದು. ಎರಡೂವರೆ ಬಟ್ಟಲು ಅಳೆಯುವಷ್ಟರಲ್ಲಿ ಅರ್ಧ ಬಟ್ಟಲಿಗಿಂತ ಹೆಚ್ಚು ಹಿಟ್ಟು ಲೆಕ್ಕಕ್ಕೆ ಸಿಗದೆ ಒಳಸೇರಿರುತ್ತದೆ. ಬೆಣ್ಣೆ ಮತ್ತು ಮೊಟ್ಟೆಗಳಲ್ಲಿರುವ ತೇವವನ್ನೆಲ್ಲ ಈ ಹೆಚ್ಚುವರಿ ಮೈದಾ ಹೀರಿಕೊಳ್ಳುತ್ತದೆ. ಬಿಸಿಯಲ್ಲಿ ಬೆಣ್ಣೆ ಕರಗಿರುವುದರಿಂದ ಆ ಕೊರತೆ ಬಾಯಿಗೆ ತಿಳಿಯುವುದಿಲ್ಲ. ಆರಿ ಬೆಣ್ಣೆ ಮತ್ತೆ ಗಟ್ಟಿಯಾದಾಗ ತಿಳಿಯುತ್ತದೆ. ಆದ್ದರಿಂದ ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಬೇಕಿಂಗ್‌ಗಾಗಿ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಬೀಟರ್‌ಗಿಂತಲೂ ಮೊದಲು ಅದನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಉಳಿದ ಅರ್ಧ ಉತ್ತರ ಓವನ್‌ನಲ್ಲಿದೆ. ಕುಕೀ ಬಾರ್ ಬೆಂದಿರುವುದನ್ನು ಕೇಕಿನ ಹಾಗೆ ಪರೀಕ್ಷಿಸಬಾರದು. ಮಧ್ಯಕ್ಕೆ ಚುಚ್ಚಿದ ಕಡ್ಡಿ ಪೂರ್ತಿ ಒಣಗಿ ಹೊರಬರುವವರೆಗೆ ಕಾದರೆ ಅಷ್ಟರಲ್ಲಿ ಅಂಚು ಅತಿಯಾಗಿ ಬೆಂದಿರುತ್ತದೆ. ನೋಡಬೇಕಾದ ಗುರುತುಗಳು ಬೇರೆ: ಅಂಚಿನಲ್ಲಿ ತಿಳಿ ಹೊಂಬಣ್ಣ ಮೂಡಿ ಕಾಗದದಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರಬೇಕು, ಮಧ್ಯಭಾಗ ಬಿಳುಪಾಗಿಯೇ ಇದ್ದು ಹಸಿ ಹೊಳಪು ಮಾತ್ರ ಮಾಯವಾಗಿರಬೇಕು, ಮತ್ತು ಕಡ್ಡಿಗೆ ಹಸಿ ಹಿಟ್ಟಿನ ಬದಲು ಒಂದೆರಡು ತೇವದ ತುಣುಕುಗಳು ಅಂಟಿರಬೇಕು. ಹೊರತೆಗೆದ ಮೇಲೂ ತಟ್ಟೆಯ ಬಿಸಿ ಕೆಲವು ನಿಮಿಷ ಒಳಗೆ ಹರಿಯುತ್ತಲೇ ಇರುವುದರಿಂದ ಮಧ್ಯಭಾಗ ಆ ಬಿಸಿಯಲ್ಲಿಯೇ ಗಟ್ಟಿಯಾಗುತ್ತದೆ. ಇನ್ನೆರಡು ನಿಮಿಷ ಇರಲಿ ಎಂಬ ಆಸೆಯೇ ಹೆಚ್ಚಿನ ಬಾರ್‌ಗಳನ್ನು ಒಣಗಿಸುವುದು. ಮೇಲ್ಭಾಗ ಕಂದಾಗಲಿಲ್ಲವೆಂಬ ಚಿಂತೆಯೂ ಬೇಡ, ಏಕೆಂದರೆ ಅದನ್ನು ಹೇಗೂ ಫ್ರಾಸ್ಟಿಂಗ್ ಮುಚ್ಚಲಿದೆ.

ಓವನ್‌ನ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ನಿಜವಾದ ಉಷ್ಣತೆಗೂ ವ್ಯತ್ಯಾಸವಿರುವುದು ಸಾಮಾನ್ಯ. ನೀವು ಎಷ್ಟೇ ಬೇಗ ತೆಗೆದರೂ ಅಂಚು ಕಪ್ಪಾಗುತ್ತಿದ್ದರೆ, ಓವನ್ ಒಳಗೆ ಇಡುವ ಉಷ್ಣಮಾಪಕದಿಂದ ಒಮ್ಮೆ ಪರಿಶೀಲಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಮೊಟ್ಟೆಯಿಲ್ಲದೆ ಇದೇ ಬಾರ್ ಮಾಡಬಹುದೇ?

ಉತ್ತರ: ಮಾಡಬಹುದು, ಮತ್ತು ಕೇಕಿಗಿಂತ ಇದರಲ್ಲಿ ಅದು ಸುಲಭ. ಕೇಕಿನಲ್ಲಿ ಮೊಟ್ಟೆಯು ಎತ್ತರವನ್ನೂ ಹಿಡಿದು ನಿಲ್ಲಿಸಬೇಕಾಗುತ್ತದೆ; ತೆಳ್ಳಗಿನ ಬಾರ್‌ನಲ್ಲಿ ಅದರ ಕೆಲಸ ತೇವ ಕೊಡುವುದು ಮತ್ತು ಹಿಟ್ಟನ್ನು ಬಂಧಿಸುವುದು ಮಾತ್ರ. ಒಂದೊಂದು ಮೊಟ್ಟೆಗೆ ಬದಲಾಗಿ 60 ಮಿಲಿಲೀಟರ್ ಗಟ್ಟಿ ಮೊಸರನ್ನು ಹಾಕಬಹುದು. ಮೊಸರು ತೆಳ್ಳಗಿದ್ದರೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸೋಸಲು ಬಿಟ್ಟು, ಆಮೇಲೆ ಅಳೆಯಿರಿ. ಮೊಸರಿನ ಹುಳಿ ಇರುವುದರಿಂದ ಕಾಲು ಸಣ್ಣ ಚಮಚ ಅಡುಗೆ ಸೋಡಾ ಸೇರಿಸಿದರೆ ಬಾರ್ ಇನ್ನಷ್ಟು ಹಗುರವಾಗುತ್ತದೆ. ಸೋಡಾ ಕೆಲಸ ಮಾಡಲು ಹುಳಿಯ ಅಗತ್ಯವಿದೆಯಾದ್ದರಿಂದ ಮೊಟ್ಟೆ ಹಾಕುವ ಮೂಲ ವಿಧಾನಕ್ಕೆ ಅದನ್ನು ಸೇರಿಸಬೇಡಿ. ಅಲ್ಲಿ ಅದು ಸಾಬೂನಿನಂಥ ರುಚಿಯನ್ನು ಉಳಿಸುತ್ತದೆ.

ಮೊಸರೂ ಬೇಡವೆನ್ನುವವರು ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾದ ಮೇಲೆ ಬಳಸಬಹುದು. ಬಂಧಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಆದರೆ ಬಾರ್‌ನಲ್ಲಿ ಕಂದು ಚುಕ್ಕೆಗಳೂ ಬೀಜದ ಸಣ್ಣ ವಾಸನೆಯೂ ಉಳಿಯುತ್ತವೆ. ಬಿಳಿ ಬಾರ್‌ಗಿಂತ ಕೋಕೋ ಹಾಕಿದ ಬಾರ್‌ಗೆ ಇದು ಹೆಚ್ಚು ಒಪ್ಪುತ್ತದೆ. ಕೋಕೋ ಬೇಕಾದವರು 40 ಗ್ರಾಂ ಮೈದಾವನ್ನು ಕಡಿಮೆ ಮಾಡಿ ಅಷ್ಟೇ ತೂಕದ ಸಿಹಿಯಿಲ್ಲದ ಕೋಕೋ ಪುಡಿಯನ್ನು ಸೇರಿಸಲಿ.

ಪ್ರಶ್ನೆ: ನನ್ನ ಬಳಿ ಇರುವುದು ಗಾಜಿನ ತಟ್ಟೆ ಮತ್ತು ಕನ್ವೆಕ್ಷನ್ (ಬಿಸಿಗಾಳಿಯಿಂದ ಬೇಯಿಸುವ) ಸೌಲಭ್ಯದ ಮೈಕ್ರೋವೇವ್. ಇವುಗಳಲ್ಲಿ ಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಕನ್ವೆಕ್ಷನ್ ವಿಧಾನವನ್ನು ಮಾತ್ರ ಆರಿಸಿ. ಮೈಕ್ರೋವೇವ್ ಅಲೆಗಳಿಂದ ಬೆಂದರೆ ಬಾರ್ ರಬ್ಬರಿನಂತಾಗುತ್ತದೆ. ಫ್ಯಾನ್ ತಿರುಗುವ ಓವನ್‌ಗಳಲ್ಲಿ ಬಿಸಿ ಬೇಗ ತಾಗುವುದರಿಂದ ಉಷ್ಣತೆಯನ್ನು 20 ಡಿಗ್ರಿ ತಗ್ಗಿಸಿ. ಗಾಜು ನಿಧಾನವಾಗಿ ಕಾಯ್ದು ನಿಧಾನವಾಗಿ ಆರುತ್ತದೆ. ಅದರಲ್ಲಿ ಮಧ್ಯಭಾಗ ಬೇಯಲು ತಡವಾದರೂ ಹೊರತೆಗೆದ ಮೇಲೆ ಅಂಚು ಬಹಳ ಹೊತ್ತು ಬೇಯುತ್ತಲೇ ಇರುತ್ತದೆ. ಸಾಧ್ಯವಿದ್ದರೆ ತಿಳಿ ಬಣ್ಣದ ಅಲ್ಯೂಮಿನಿಯಂ ತಟ್ಟೆಯನ್ನೇ ಬಳಸಿ.

ಪ್ರಶ್ನೆ: ಫ್ರಾಸ್ಟಿಂಗ್ ನನಗೆ ಎಂದೂ ಒಲಿದಿಲ್ಲ. ಒಮ್ಮೆ ಮರಳು ಮರಳಾಗುತ್ತದೆ, ಇನ್ನೊಮ್ಮೆ ನೀರಾಗಿ ಬದಿಗೆ ಜಾರುತ್ತದೆ. ಸರಿಬಂದಾಗಲೂ ತಿನ್ನಲಾಗದಷ್ಟು ಸಿಹಿ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದೇ?

ಉತ್ತರ: ನಿಮ್ಮ ಮೂರೂ ತೊಂದರೆಗಳಿಗೆ ಕಾರಣ ಬೇರೆ ಬೇರೆ, ಹಾಗಾಗಿ ಒಂದೊಂದನ್ನೇ ನೋಡೋಣ.

ಮರಳಾಗುವುದಕ್ಕೆ ಕಾರಣ ಸಕ್ಕರೆಯ ನುಣುಪು ಸಾಲದಿರುವುದು. ಬೆಣ್ಣೆಯ ಫ್ರಾಸ್ಟಿಂಗ್‌ನಲ್ಲಿ ನೀರಿನ ಅಂಶ ಬಹಳ ಕಡಿಮೆ, ಮತ್ತು ಸಕ್ಕರೆ ಕೊಬ್ಬಿನಲ್ಲಿ ಕರಗುವುದಿಲ್ಲ. ಎಷ್ಟು ಹೊತ್ತು ಕಡೆದರೂ ಹರಳು ಹರಳಾಗಿಯೇ ಉಳಿಯುತ್ತದೆ. ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡುವುದಾದರೆ 100 ಗ್ರಾಂ ಸಕ್ಕರೆಗೆ ಒಂದು ಸಣ್ಣ ಚಮಚದಷ್ಟು ಕಾರ್ನ್‌ಫ್ಲೋರ್ ಸೇರಿಸಿ ಅರೆದು, ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಹಿಡಿಯಿರಿ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿಯೂ ಗಂಟು ಕಟ್ಟದಿರಲೆಂದು ಸ್ವಲ್ಪ ಪಿಷ್ಟವನ್ನು ಬೆರೆಸಿರುತ್ತಾರೆ.

ಜಾರುವುದಕ್ಕೆ ಕಾರಣ ಬಹುಮಟ್ಟಿಗೆ ಬಿಸಿ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಪೂರ್ತಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಬಿಗಿ ಕಳೆದುಕೊಳ್ಳುತ್ತದೆ. ತಟ್ಟೆಯ ತಳ ಮುಟ್ಟಿದರೆ ಬೆಚ್ಚಗಿದೆ ಎನಿಸಿದರೂ ಸಾಕು, ಮೇಲೆ ಹಚ್ಚಿದ ಫ್ರಾಸ್ಟಿಂಗ್ ಕೆಳಗಿನಿಂದ ಕರಗತೊಡಗುತ್ತದೆ. ಮೇಲ್ಭಾಗ ತಣ್ಣಗಾಗಿದೆಯೆಂದು ನಂಬಿ ಹಚ್ಚುವುದು ತೀರಾ ಸಾಮಾನ್ಯವಾದ ಅವಸರ. ತಳವನ್ನೇ ಮುಟ್ಟಿ ನೋಡಿ. ಪೂರ್ತಿ ಆರಲು ಒಂದೂವರೆ ಎರಡು ಗಂಟೆಯೇ ಹಿಡಿಯಬಹುದು. ಫ್ರಾಸ್ಟಿಂಗ್ ಕಡೆಯುವಾಗಲೇ ಸಡಿಲವಾದರೆ ಕೂಡಲೇ ಇನ್ನಷ್ಟು ಸಕ್ಕರೆ ಸುರಿಯಬೇಡಿ. ಪಾತ್ರೆಯನ್ನು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆದರೆ ಹೆಚ್ಚಿನ ಸಲ ಅದು ತಾನಾಗಿ ಹದಕ್ಕೆ ಬರುತ್ತದೆ. ಸೆಕೆಯ ದಿನಗಳಲ್ಲಿ ಬೆಣ್ಣೆಯ ಮೂರನೇ ಒಂದು ಭಾಗದ ಬದಲಿಗೆ, ಶಾರ್ಟನಿಂಗ್ ಎಂದು ಮಾರುವ ಸಸ್ಯಜನ್ಯ ಗಟ್ಟಿ ಕೊಬ್ಬನ್ನು ಹಾಕುವವರಿದ್ದಾರೆ. ಅದು ಬಿಸಿಯನ್ನು ತಡೆದುಕೊಳ್ಳುತ್ತದೆ ನಿಜ, ಆದರೆ ಬೆಣ್ಣೆಯ ರುಚಿ ಅದಕ್ಕಿಲ್ಲ. ಹಬ್ಬದ ತಿನಿಸಿನಲ್ಲಿ ರುಚಿಯನ್ನು ಬಿಟ್ಟುಕೊಡುವುದಕ್ಕಿಂತ ಬಾರ್‌ಗಳನ್ನು ಬಡಿಸುವ ಹೊತ್ತಿಗೆ ಸರಿಯಾಗಿ ಫ್ರಿಜ್‌ನಿಂದ ತೆಗೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಸಿಹಿಯ ಮಾತು. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವುದು ಸಿಹಿ ಬೆಣ್ಣೆಯೇ ಹೊರತು ಫ್ರಾಸ್ಟಿಂಗ್ ಅಲ್ಲ, ಏಕೆಂದರೆ ಅದರ ಬಿಗಿಗೂ ಮೈಕಟ್ಟಿಗೂ ಸಕ್ಕರೆಯೇ ಆಧಾರ. ಐದನೇ ಒಂದು ಭಾಗದಷ್ಟನ್ನು ತಗ್ಗಿಸಲು ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾಗಿ ತಗ್ಗಿಸಬೇಕೆಂದರೆ ಬೇರೆ ದಾರಿ ಹಿಡಿಯಬೇಕು. ಒಂದು, ಹರವನ್ನೇ ತೆಳ್ಳಗೆ ಮಾಡುವುದು: ಎಲ್ಲ ಅಳತೆಯನ್ನೂ ಮೂರನೇ ಎರಡರಷ್ಟಕ್ಕೆ ಇಳಿಸಿದರೂ ಇಡೀ ತಟ್ಟೆಗೆ ಸಾಕಾಗುತ್ತದೆ. ಎರಡು, ಚಿಟಿಕೆ ಉಪ್ಪಿನೊಂದಿಗೆ ಒಂದು ಸಣ್ಣ ಚಮಚ ನಿಂಬೆರಸ ಮತ್ತು ತುರಿದ ನಿಂಬೆ ಸಿಪ್ಪೆಯನ್ನು ಸೇರಿಸುವುದು. ಹುಳಿ ಬಂದ ಕೂಡಲೇ ಸಿಹಿಯ ಮೊಂಡುತನ ಇಳಿಯುತ್ತದೆ. ಮೂರನೆಯದೇ ನನಗೆ ಹೆಚ್ಚು ಇಷ್ಟ: 115 ಗ್ರಾಂ ಬೆಣ್ಣೆಯನ್ನು 200 ಗ್ರಾಂ ಸಕ್ಕರೆ ಪುಡಿಯೊಂದಿಗೆ ಚೆನ್ನಾಗಿ ಕಡೆದು, ಕೊನೆಯಲ್ಲಿ ಫ್ರಿಜ್‌ನಿಂದ ಆಗಷ್ಟೇ ತೆಗೆದ 200 ಗ್ರಾಂ ಕ್ರೀಮ್ ಚೀಸ್ ಅನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುವುದು. ಇದಕ್ಕೆ ಹಾಲು ಬೇಡ. ಕ್ರೀಮ್ ಚೀಸ್ ಹಾಕಿದ ಮೇಲೆ ಹೆಚ್ಚು ಕಡೆದರೆ ನೀರು ಬಿಡುತ್ತದೆ, ಆದ್ದರಿಂದ ಹೊಂದಿಕೊಂಡ ಕೂಡಲೇ ನಿಲ್ಲಿಸಿ. ಈ ಫ್ರಾಸ್ಟಿಂಗ್ ಹಚ್ಚಿದ ಬಾರ್‌ಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಪ್ರಶ್ನೆ: ಕಡು ಕೆಂಪು ಬಣ್ಣ ಬರಲೆಂದು ಬಣ್ಣ ಹಾಕುತ್ತ ಹೋದರೆ ಫ್ರಾಸ್ಟಿಂಗ್ ಕಹಿಯಾಗುತ್ತದೆ. ಮೇಲೆ ಉದುರಿಸಿದ ಬಣ್ಣದ ಸಕ್ಕರೆ ಕಾಳುಗಳು ಕರಗಿ ಮಸಿಯಂತೆ ಹರಡುತ್ತವೆ. ಏನು ಮಾಡಲಿ?

ಉತ್ತರ: ನೀರಿನಂಥ ಬಣ್ಣದ ಬದಲು ಜೆಲ್ ಬಣ್ಣವನ್ನು ಕಡ್ಡಿಯ ತುದಿಯಿಂದ ಹಾಕಿ, ನಿಮಗೆ ಬೇಕಾದುದಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ನಿಲ್ಲಿಸಿ. ಒಂದೆರಡು ಗಂಟೆ ಕಳೆದಂತೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಕಡು ಕೆಂಪು ಮತ್ತು ಕಪ್ಪು ಇಡೀ ತಟ್ಟೆಗೆ ತಕ್ಕ ಬಣ್ಣಗಳಲ್ಲ. ತಳದ ಹರವನ್ನು ಬಿಳಿಯಾಗಿಯೇ ಬಿಟ್ಟು, ಸ್ವಲ್ಪ ಫ್ರಾಸ್ಟಿಂಗ್‌ಗೆ ಮಾತ್ರ ಆ ಬಣ್ಣ ಕೊಟ್ಟು ಮೇಲೆ ಗೆರೆ ಅಥವಾ ಚುಕ್ಕೆ ಬರೆದರೆ ಕಹಿಯೂ ಇರುವುದಿಲ್ಲ, ನೋಟಕ್ಕೂ ಹೆಚ್ಚು ಚೆಂದ. ಎಳೆಗೆಂಪು ಸಾಕೆನ್ನುವವರಿಗೆ ಬೀಟ್‌ರೂಟ್ ಪುಡಿ ಸಾಲುತ್ತದೆ.

ಸಕ್ಕರೆ ಕಾಳುಗಳ ವಿಷಯದಲ್ಲಿ ಸಮಯವೇ ಮುಖ್ಯ. ಬೆಣ್ಣೆಯ ಫ್ರಾಸ್ಟಿಂಗ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೇಲೆ ತೆಳುವಾದ ಪದರ ಕಟ್ಟುತ್ತದೆ, ಆಮೇಲೆ ಉದುರಿಸಿದ ಕಾಳುಗಳು ಅಂಟದೆ ಉರುಳಿಹೋಗುತ್ತವೆ. ಆದ್ದರಿಂದ ಹಚ್ಚಿದ ಕೂಡಲೇ ಉದುರಿಸಿ ಅಂಗೈಯಿಂದ ಹಗುರವಾಗಿ ಒತ್ತಿರಿ. ಕ್ರೀಮ್ ಚೀಸ್ ಫ್ರಾಸ್ಟಿಂಗ್‌ನಲ್ಲಿ ತೇವ ಹೆಚ್ಚಿರುವುದರಿಂದ ಬಣ್ಣ ಹರಡುವುದು ಬಹುತೇಕ ಅದರಲ್ಲಿಯೇ. ಅದಕ್ಕೆ ಬಡಿಸುವ ಸ್ವಲ್ಪ ಮೊದಲು ಮಾತ್ರ ಉದುರಿಸಿ.

ಪ್ರಶ್ನೆ: ಹಸಿ ಹಿಟ್ಟನ್ನು ನೆಕ್ಕಲು ಮಕ್ಕಳು ಹಟ ಮಾಡುತ್ತಾರೆ. ಮೊಟ್ಟೆ ಹಾಕದಿದ್ದರೆ ಕೊಡಬಹುದೇ?

ಉತ್ತರ: ಕೊಡಬೇಡಿ. ಹಸಿ ಮೊಟ್ಟೆಯಂತೆ ಹಸಿ ಮೈದಾದಲ್ಲಿಯೂ ರೋಗಾಣುಗಳು ಇರಬಹುದು, ಏಕೆಂದರೆ ಗೋಧಿಯನ್ನು ಬೀಸುವಾಗ ಅವು ಸಾಯುವಷ್ಟು ಬಿಸಿ ತಾಗುವುದಿಲ್ಲ. ಫ್ರಾಸ್ಟಿಂಗ್ ಪಾತ್ರೆಯನ್ನು ಅವರಿಗೆ ಒಪ್ಪಿಸಿ.

ಪ್ರಶ್ನೆ: ಹಬ್ಬದ ದಿನ ಬೆಳಿಗ್ಗೆ ಒಲೆಯ ಮುಂದೆ ನಿಲ್ಲಲು ಇಷ್ಟವಿಲ್ಲ. ಎಷ್ಟು ದಿನ ಮೊದಲೇ ಮಾಡಿಡಬಹುದು? ನೆಂಟರಿಗೆ ಡಬ್ಬಿಯಲ್ಲಿ ಕಳುಹಿಸಿದರೆ ಒಂದಕ್ಕೊಂದು ಅಂಟುವುದಿಲ್ಲವೇ? ನೀಟಾಗಿ ಕತ್ತರಿಸುವುದು ಹೇಗೆ?

ಉತ್ತರ: ಈ ತಿನಿಸು ಹಬ್ಬಕ್ಕೆ ಹೇಳಿ ಮಾಡಿಸಿದಂತಿರುವುದು ಅದನ್ನು ಮೊದಲೇ ಮಾಡಿಡಬಹುದೆಂಬ ಕಾರಣಕ್ಕೆ. ಫ್ರಾಸ್ಟಿಂಗ್ ಹಚ್ಚದ ಹರವನ್ನು ಪೂರ್ತಿ ಆರಿದ ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳಾದರೂ ರುಚಿ ಕೆಡುವುದಿಲ್ಲ. ಕರಗಿಸುವಾಗ ಸುತ್ತಿದ ಹಾಳೆಯನ್ನು ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವವೆಲ್ಲ ಬಾರ್‌ನ ಮೇಲೆಯೇ ಹನಿಗಟ್ಟುತ್ತದೆ. ಇಷ್ಟು ಮುಂಚೆ ಬೇಡವೆನ್ನುವವರು ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೇಯಿಸಿ ಸಂಜೆ ಫ್ರಾಸ್ಟಿಂಗ್ ಹಚ್ಚಲಿ. ರಾತ್ರಿ ಕಳೆಯುವಷ್ಟರಲ್ಲಿ ಫ್ರಾಸ್ಟಿಂಗ್‌ನ ತೇವ ಕೆಳಗಿನ ಪದರಕ್ಕೆ ತುಸು ಇಳಿದು ಬಾರ್ ಇನ್ನಷ್ಟು ಮೆತ್ತಗಾಗುತ್ತದೆ. ಎರಡನೆಯ ದಿನದ ಬಾರ್ ಮೊದಲ ದಿನದ್ದಕ್ಕಿಂತ ರುಚಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಬೆಣ್ಣೆಯ ಫ್ರಾಸ್ಟಿಂಗ್ ಹಚ್ಚಿದವು ತಂಪಾದ ಕೋಣೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಎರಡು ದಿನ, ಫ್ರಿಜ್‌ನಲ್ಲಿ ಐದು ದಿನ ಇರುತ್ತವೆ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಬಡಿಸಿ, ತಣ್ಣಗಿನ ಬೆಣ್ಣೆ ರುಚಿ ಕೊಡುವುದಿಲ್ಲ.

ಕತ್ತರಿಸುವ ಮೊದಲು ಇಡೀ ಹರವನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಕಾಗದದ ಅಂಚು ಹಿಡಿದು ಮಣೆಯ ಮೇಲೆ ಎತ್ತಿಕೊಳ್ಳಿ. ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಎಳೆಯದೆ ನೇರವಾಗಿ ಕೆಳಗೆ ಒತ್ತಿರಿ. ಪ್ರತಿ ಕಡಿತದ ನಂತರವೂ ಚಾಕುವನ್ನು ಒರೆಸಲೇಬೇಕು. ತುಂಡುಗಳ ಅಂಚು ಚೊಕ್ಕವಾಗಿರುವುದು ಚಾಕುವಿನ ಹರಿತಕ್ಕಿಂತ ಹೆಚ್ಚಾಗಿ ಈ ಒರೆಸುವಿಕೆಯಿಂದಲೇ.

ಡಬ್ಬಿಯಲ್ಲಿ ಕಳುಹಿಸುವುದಾದರೆ ಬೆಣ್ಣೆಯ ಫ್ರಾಸ್ಟಿಂಗ್ ಬೇಡ. ಅದರ ಮೇಲಿನ ಪದರ ಕಟ್ಟಿದರೂ ಒಳಗೆ ಮೆತ್ತಗೇ ಇರುತ್ತದೆ, ಒಂದರ ಮೇಲೊಂದು ಇಟ್ಟರೆ ಅಂಟಿಯೇ ತೀರುತ್ತದೆ. ಬದಲಿಗೆ 250 ಗ್ರಾಂ ಐಸಿಂಗ್ ಶುಗರ್‌ಗೆ ಮೂರು ದೊಡ್ಡ ಚಮಚ ಹಾಲನ್ನು ಸ್ವಲ್ಪಸ್ವಲ್ಪವಾಗಿ ಕಲಸಿ, ಚಮಚದಿಂದ ದಪ್ಪ ಎಳೆಯಾಗಿ ಬೀಳುವ ಹದಕ್ಕೆ ತಂದು ಹರವಿನ ಮೇಲೆ ಸುರಿಯಿರಿ. ಇದು ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗಿ ಒಣಗುತ್ತದೆ. ಪದರಗಳ ನಡುವೆ ಬೇಕಿಂಗ್ ಪೇಪರ್ ಹಾಸಿ, ಡಬ್ಬಿಯಲ್ಲಿ ಅಲುಗಾಡಲು ಜಾಗವಿಲ್ಲದಂತೆ ತುಂಬಿ. ಮೈದಾ, ಹಾಲು, ಮೊಟ್ಟೆ ಇವೆಯೆಂದು ಡಬ್ಬಿಯ ಮೇಲೊಂದು ಚೀಟಿ ಬರೆದು ಅಂಟಿಸಿ, ತೆಗೆದುಕೊಳ್ಳುವವರಲ್ಲಿ ಯಾರಿಗಾದರೂ ಅವು ಒಗ್ಗದಿರಬಹುದು.